ಒಂದೇ ವಾರ್ಡು, ಐದು ಥರದ ಸಂಬಳ: ಇದನ್ನೆಲ್ಲ ಯಾರು ನಿಗದಿ ಮಾಡುತ್ತಾರೆ?

ರಾತ್ರಿಪಾಳಿ
ಹಾಸನ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಈಗ ಬೋರ್ಡಿನಲ್ಲಿ ಶುಶ್ರೂಷಾಧಿಕಾರಿ ಅಂತ ಬರೆದಿದ್ದಾರೆ. ರೋಗಿಗಳಿಗೆ ಇವತ್ತಿಗೂ ಸಿಸ್ಟರೇ.

ಮೊನ್ನೆ ರಾತ್ರಿ ಹೆರಿಗೆ ವಾರ್ಡಿನಲ್ಲಿ ಐದು ಜನ ಇದ್ದೆವು. ನಾನು ಕಾಯಂ. ಜೊತೆಯಲ್ಲಿದ್ದ ಇನ್ನೊಬ್ಬ ಸಿಸ್ಟರ್ ಎನ್‌ಎಚ್‌ಎಂ, ಅಂದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ. ಡ್ಯೂಟಿ ಡಾಕ್ಟರು ಓದು ಮುಗಿಸಿ ಕಡ್ಡಾಯ ಸರ್ಕಾರಿ ಸೇವೆಗೆ ಬಂದ ಹುಡುಗ. ಆಯಮ್ಮ ಹೊರಗುತ್ತಿಗೆ. ಗರ್ಭಿಣಿಯನ್ನು ಕರೆದುಕೊಂಡು ಬಂದ ಆಶಾ ಕಾರ್ಯಕರ್ತೆ ಬಾಗಿಲ ಹತ್ತಿರ ಕೂತಿದ್ದರು. ಮೂರು ಗಂಟೆಗೆ ಹೆರಿಗೆ ಆಯಿತು. ಹೆಣ್ಣು ಮಗು, ಎರಡು ಕೆಜಿ ಒಂಬೈನೂರು. ಆಮೇಲೆ ಟೀ ಕುಡಿಯುತ್ತಾ ಸಂಬಳದ ಮಾತು ಬಂತು. ಬರಬಾರದಿತ್ತು ಅನಿಸಿತು.

ಗುತ್ತಿಗೆ ಸಿಸ್ಟರ್‌ಗೆ ಬರುವುದು ನನ್ನ ಮೂಲ ವೇತನದ ಅರ್ಧವೂ ಅಲ್ಲ. ಅವಳೂ ನನ್ನ ಹಾಗೇ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಓದಿದವಳು, ಅದೇ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವಳು. ಆ ರಾತ್ರಿ ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ಪಾರ್ಟೋಗ್ರಾಫ್ ಹಾಳೆ ತುಂಬಿದ್ದೂ ಅವಳೇ. "ಅಕ್ಕಾ, ನಿಮ್ಮದು ಯಾರು ಫಿಕ್ಸ್ ಮಾಡುತ್ತಾರೆ, ನಮ್ಮದು ಯಾರು ಮಾಡುತ್ತಾರೆ?" ಎಂದು ಕೇಳಿದಳು. ಹದಿನಾಲ್ಕು ವರ್ಷ ಸರ್ವಿಸ್ ಆದರೂ ನನಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿ.

ಕಡತಶಾಖೆ
ಸಿಸ್ಟರ್, ಇಪ್ಪತ್ತೆರಡು ವರ್ಷ ಸಿಬ್ಬಂದಿ ಶಾಖೆಯಲ್ಲಿ ಕೇಸ್ ವರ್ಕರ್ ಆಗಿದ್ದವನು ನಾನು. ನಿಮ್ಮ ಸಂಬಳದಿಂದಲೇ ಶುರು ಮಾಡುತ್ತೇನೆ.

ಕಾಯಂ ನೌಕರರ ವೇತನವನ್ನು ಆರೋಗ್ಯ ಇಲಾಖೆ ನಿಗದಿ ಮಾಡುವುದೇ ಇಲ್ಲ. ಅದು ಆರ್ಥಿಕ ಇಲಾಖೆಯ ಕೆಲಸ. ಅದರ ಹಿಂದೆ ರಾಜ್ಯ ವೇತನ ಆಯೋಗದ ವರದಿ ಇರುತ್ತದೆ. ಈಗಿನದು ಏಳನೆಯ ಆಯೋಗ, ಮಾಜಿ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ್ ರಾವ್ ಅಧ್ಯಕ್ಷರು. 2022ರ ನವೆಂಬರ್‌ನಲ್ಲಿ ರಚನೆ ಆಯಿತು, 2024ರ ಮಾರ್ಚ್‌ನಲ್ಲಿ ವರದಿ ಬಂತು, ಆಗಸ್ಟ್ 1ರಿಂದ ಜಾರಿ. ಹಳೆಯ ಮೂಲ ವೇತನಕ್ಕೆ 2022ರ ಜುಲೈನಲ್ಲಿದ್ದ 31% ತುಟ್ಟಿಭತ್ಯೆ ಸೇರಿಸಿದರು, ಜೊತೆಗೆ ಹಳೆಯ ಮೂಲ ವೇತನದ 27.5% ಏರಿಕೆ ಕೊಟ್ಟರು, ಅದಕ್ಕೆ ಫಿಟ್‌ಮೆಂಟ್ ಎನ್ನುತ್ತಾರೆ. ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು. ಸ್ಟಾಫ್ ನರ್ಸ್ ಶ್ರೇಣಿ 33,450–62,600 ಇದ್ದದ್ದು 54,175–99,400 ಆಯಿತು. ವೈದ್ಯಾಧಿಕಾರಿಯದ್ದು 52,650–97,100 ಇದ್ದದ್ದು 83,700–1,55,200.

ಇಲ್ಲಿ ಒಂದು ವಿಷಯ ಯಾರೂ ಗಮನಿಸುವುದಿಲ್ಲ. ಎಲ್ಲರಿಗೂ ಒಂದೇ ಗುಣಾಕಾರ. ನರ್ಸ್ ಏನು ಕೆಲಸ ಮಾಡುತ್ತಾರೆ, ಎಷ್ಟು ರಾತ್ರಿ ನಿದ್ದೆ ಕೆಡುತ್ತಾರೆ ಅಂತ ಆ ಗುಣಾಕಾರ ಕೇಳುವುದಿಲ್ಲ. ಎಂದೋ ಯಾರೋ ನರ್ಸ್ ಹುದ್ದೆಯನ್ನು ಒಂದು ಮೆಟ್ಟಿಲ ಮೇಲೆ ಕೂರಿಸಿದರು. ಅದೇ ಮೆಟ್ಟಿಲ ಮೇಲೆ ಲೋಕೋಪಯೋಗಿ ಇಲಾಖೆಯ ಜೂನಿಯರ್ ಎಂಜಿನಿಯರೂ ಇದ್ದಾರೆ. ಆಯೋಗ ಬಂದಾಗಲೆಲ್ಲ ಇಡೀ ಮೆಟ್ಟಿಲೇ ಮೇಲೇರುತ್ತದೆ, ಮೆಟ್ಟಿಲುಗಳ ಕ್ರಮ ಮಾತ್ರ ಬದಲಾಗುವುದು ಅಪರೂಪ. ಡಾಕ್ಟರು-ನರ್ಸ್ ನಡುವಿನ ಅಂತರ ಮೊದಲೂ ಸುಮಾರು ಒಂದೂವರೆ ಪಟ್ಟು, ಈಗಲೂ ಅಷ್ಟೇ. ರೂಪಾಯಿಯಲ್ಲಿ ಮಾತ್ರ 19,200 ಇದ್ದದ್ದು 29,525 ಆಗಿದೆ.

ತೆರಿಗೆಕಟ್ಟುವವ
31 ಮತ್ತು 27.5 ಕೂಡಿಸಿದರೆ 58.5% ಏರಿಕೆ. ಯಾವ ಪ್ರೈವೇಟ್ ಕಂಪನಿ ಕೊಡುತ್ತದೆ ಸ್ವಾಮಿ? ಅದೂ ನಮ್ಮ ದುಡ್ಡಿನಲ್ಲಿ.

ಕಡತಶಾಖೆ
ಸ್ವಾಮಿ, 31% ಆಗಲೇ ಕೈಗೆ ಬರುತ್ತಿತ್ತು, ತುಟ್ಟಿಭತ್ಯೆ (ಡಿಎ) ಅನ್ನುವ ಹೆಸರಲ್ಲಿ. ಅದನ್ನು ಬೇಸಿಕ್‌ಗೆ ಸೇರಿಸಿದ್ದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ ಹಾಗೆ. ಹಳೆಯ ಬೇಸಿಕ್ 100 ರೂಪಾಯಿ ಅಂದುಕೊಂಡರೆ, ಹೊಸದಾಗಿ ಬಂದದ್ದು 131 ರೂಪಾಯಿ ಮೇಲೆ 27.5 ರೂಪಾಯಿ, ಅಂದರೆ ಸುಮಾರು 21%. ಅದರಲ್ಲೂ 17% ಮಧ್ಯಂತರ ಪರಿಹಾರ 2023ರ ಏಪ್ರಿಲ್‌ನಿಂದಲೇ ಕೊಡುತ್ತಿದ್ದರು. ಇನ್ನು ಬೆಂಗಳೂರಿನ ಮನೆ ಬಾಡಿಗೆ ಭತ್ಯೆ 24%ರಿಂದ 20%ಕ್ಕೆ ಇಳಿಯಿತು. ಆರು ವರ್ಷಕ್ಕೊಮ್ಮೆ ಬಂದ ಏರಿಕೆ ಇದು, ವರ್ಷದ್ದಲ್ಲ. ಸರ್ಕಾರಕ್ಕೆ ವರ್ಷಕ್ಕೆ 20,208 ಕೋಟಿ ಹೊರೆ ಎನ್ನುವುದೂ ನಿಜವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮಾರ್ಚ್ ಮೂವತ್ತೊಂದು
ನಾನು ಎನ್‌ಎಚ್‌ಎಂ ನರ್ಸ್, ಬೇರೆ ಜಿಲ್ಲೆ. ನನ್ನ ಹೆಸರು ಯಾಕೆ ಹೀಗಿದೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಪ್ರತಿ ವರ್ಷ ಆ ದಿನ ನಮ್ಮ ಕರಾರು ಮುಗಿಯುತ್ತದೆ. ಒಂದು ದಿನ ಬಿಟ್ಟು ಮತ್ತೆ ಸಹಿ.

ನಮಗೆ ಆಯೋಗ ಇಲ್ಲ. ಲೆಕ್ಕದಲ್ಲಿ ನಾವು ಸರ್ಕಾರಿ ನೌಕರರೂ ಅಲ್ಲ, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೊಸೈಟಿಯ ಗುತ್ತಿಗೆಯವರು. ರಾಜ್ಯ ಒಂದು ದೊಡ್ಡ ಯೋಜನಾ ಪಟ್ಟಿ ಮಾಡುತ್ತದೆ, ಅದಕ್ಕೆ ಪಿಐಪಿ ಎನ್ನುತ್ತಾರೆ. ಇಷ್ಟು ಕಿಟ್, ಇಷ್ಟು ತರಬೇತಿ, ಇಷ್ಟು ನರ್ಸ್, ತಲಾ ಇಷ್ಟು ರೂಪಾಯಿ. ಅದು ದೆಹಲಿಗೆ ಹೋಗುತ್ತದೆ. ಅಲ್ಲಿಂದ ಆರ್‌ಓಪಿ ಅಂತ ಒಪ್ಪಿಗೆ ಬರುತ್ತದೆ. 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ಒಮ್ಮೆ ಜಿಲ್ಲಾ ಲೆಕ್ಕಪತ್ರ ವಿಭಾಗದವರು ಆ ಹಾಳೆ ತೋರಿಸಿದ್ದರು. ನನ್ನ ಸಂಬಳಕ್ಕೂ ಒಂದು ಕೋಡ್ ನಂಬರ್ ಇತ್ತು, ಮೇಲಿನ ಸಾಲಿನ ತರಬೇತಿ ಖರ್ಚಿಗೂ ಒಂದು. ನೋಡಿ ನಗು ಬಂತು, ಆಮೇಲೆ ಬೇಜಾರಾಯಿತು.

ಕೇಂದ್ರದ ಅನುದಾನ ತಡವಾದರೆ ಸಂಬಳವೂ ತಡ. ಯಾರನ್ನು ಕೇಳಬೇಕು? ರಾಜ್ಯ ಕೇಂದ್ರದ ಕಡೆ ಕೈ ತೋರಿಸುತ್ತದೆ. ಆರೋಗ್ಯ ರಾಜ್ಯದ ವಿಷಯ, ನೇಮಕ ಮಾಡಿಕೊಂಡವರು ಅವರೇ ಅನ್ನುತ್ತದೆ ಕೇಂದ್ರ. 2023ರ ಫೆಬ್ರವರಿ-ಮಾರ್ಚ್‌ನಲ್ಲಿ ಮುಷ್ಕರ ಮಾಡಿದೆವು. ಕೇಳಿದ್ದು ಕಾಯಂ, ಸಿಕ್ಕಿದ್ದು 15%. ನಮ್ಮ ಬೇಡಿಕೆ ನೋಡಲು ಸರ್ಕಾರ ನೇಮಿಸಿದ್ದ ಶ್ರೀನಿವಾಸಾಚಾರಿ ಸಮಿತಿಯ ವರದಿಯಲ್ಲಿ ಇದ್ದದ್ದೇ ಅದು. ಆ ವರದಿ ಜಾರಿ ಮಾಡಿ ಅಂತ ಎಷ್ಟು ಸಲ ಮನವಿ ಕೊಟ್ಟಿದ್ದೆವೋ!

ತೆರಿಗೆಕಟ್ಟುವವ
ಒಂದು ಪ್ರಶ್ನೆ, ಜಗಳಕ್ಕಲ್ಲ. ಕಾಯಂ ಆದವರು ಸ್ಪರ್ಧೆಯಲ್ಲಿ ಗೆದ್ದು, ಮೀಸಲಾತಿ ರೋಸ್ಟರ್ ದಾಟಿ ಬಂದವರು. ಗುತ್ತಿಗೆಯವರು ಜಿಲ್ಲೆಯಲ್ಲಿ ಒಂದು ನೇರ ಸಂದರ್ಶನದಲ್ಲಿ ಬಂದವರು. ಇಬ್ಬರಿಗೂ ಒಂದೇ ಸಂಬಳ ಎಂದರೆ ಪರೀಕ್ಷೆ ಬರೆದವರಿಗೆ ಅನ್ಯಾಯ ಅಲ್ವಾ?

ಕಡತಶಾಖೆ
ಇದು ಸುಪ್ರೀಂ ಕೋರ್ಟಿಗೇ ಹೋದ ಪ್ರಶ್ನೆ, ಅದೂ ನಮ್ಮ ರಾಜ್ಯದಿಂದ. ಉಮಾದೇವಿ ಪ್ರಕರಣ. ಅರ್ಜಿದಾರರು ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳು. 2006ರ ಏಪ್ರಿಲ್ 10ರಂದು ಐದು ನ್ಯಾಯಾಧೀಶರ ಪೀಠ ಸರಿಸುಮಾರು ನಿಮ್ಮ ಮಾತನ್ನೇ ಹೇಳಿತು: ಮುಂಬಾಗಿಲಿನಿಂದ ಬರದವರು ಕಾಯಂ ಆಗುವ ಹಕ್ಕು ಕೇಳುವಂತಿಲ್ಲ. ಅಂದಿನಿಂದ ನಮ್ಮ ಶಾಖೆಯಲ್ಲಿ ಎಂಥ ಅರ್ಜಿ ಬಂದರೂ ಟಿಪ್ಪಣಿಯಲ್ಲಿ ಆ ಹೆಸರು ಇದ್ದೇ ಇರುತ್ತಿತ್ತು. ನಾನೂ ಬರೆದಿದ್ದೇನೆ, ಲೆಕ್ಕವಿಲ್ಲದಷ್ಟು ಸಲ.

ಆದರೆ ಕಾಯಂ ಆಗುವುದು ಬೇರೆ, ಸಮಾನ ವೇತನ ಬೇರೆ. 2016ರ ಅಕ್ಟೋಬರ್ 26ರಂದು ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದ್ದು ಇದು: ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಕೊಡಬೇಕು. ಹಾಗಿದ್ದರೆ ಎನ್‌ಎಚ್‌ಎಂನಲ್ಲಿ ಯಾಕೆ ಕೊಡುವುದಿಲ್ಲ? ಕಡತದಲ್ಲಿ ಬರುವ ಉತ್ತರ ಇಷ್ಟೇ: "ಇದು ಮಂಜೂರಾದ ಹುದ್ದೆಯಲ್ಲ, ಯೋಜನೆಯ ಹುದ್ದೆ." ಯೋಜನೆ ಶುರುವಾದದ್ದು 2005ರಲ್ಲಿ. ಅದರ ಜೊತೆ ಹುಟ್ಟಿದ ಮಕ್ಕಳು ಈಗ ವೋಟು ಹಾಕುತ್ತಾರೆ.

ಹೊಸೂರುರಸ್ತೆ
ನಾನು ಬೆಂಗಳೂರಿನಲ್ಲಿ ಕೇಂದ್ರ ಸಂಸ್ಥೆಯೊಂದರಲ್ಲಿ ನರ್ಸಿಂಗ್ ಆಫೀಸರ್. ಕಾಯಂ ಕಾಯಂ ನಡುವೆಯೂ ಗೋಡೆ ಇದೆ ಅಂತ ಹೇಳಬೇಕು ಅನಿಸಿತು. ನಿಮ್ಹಾನ್ಸ್‌ನಂಥ ಕಡೆ ಕೇಂದ್ರದ ಏಳನೇ ವೇತನ ಆಯೋಗ ನಡೆಯುತ್ತದೆ. ನರ್ಸ್‌ಗೆ ಲೆವೆಲ್ 7, ಬೇಸಿಕ್ 44,900ರಿಂದ ಶುರು.

ಅಯ್ಯೋ, ರಾಜ್ಯದ್ದು 54,175 ಇದೆಯಲ್ಲ, ಅದೇ ಜಾಸ್ತಿ ಅಂತ ನನ್ನ ತಂಗಿ ವಾದ ಮಾಡುತ್ತಿದ್ದಳು. ಕೂತು ಲೆಕ್ಕ ಹಾಕಿದೆವು. 2025ರ ಜನವರಿಯ ದರ ಹಿಡಿದರೆ ಕೇಂದ್ರದ ಡಿಎ 55%. ಒಟ್ಟು 69,595. ರಾಜ್ಯದ್ದು 12.25%. ಒಟ್ಟು 60,811. ಬೆಂಗಳೂರಿನಲ್ಲಿ ಕೇಂದ್ರದ ಬಾಡಿಗೆ ಭತ್ಯೆ 30%, ಅಂದರೆ 13,470. ರಾಜ್ಯದ್ದು 20%, ಅಂದರೆ 10,835. ಇಷ್ಟಾದ ಮೇಲೆ ನಮಗೆ ನರ್ಸಿಂಗ್ ಭತ್ಯೆ ಅಂತ 9,000 ಬೇರೆ. ಎಲ್ಲ ಕೂಡಿದರೆ ನಮ್ಮದು 92,065. ಅವಳದ್ದು ಸಣ್ಣಪುಟ್ಟ ಭತ್ಯೆ ಬಿಟ್ಟು 71,646. ಇಬ್ಬರೂ ಹೊಸದಾಗಿ ಸೇರಿದವರು ಅಂತ ಇಟ್ಟುಕೊಂಡ ಲೆಕ್ಕ ಇದು.

ಒಬ್ಬ ಡಾಕ್ಟರು, ಒಬ್ಬ ನರ್ಸ್ ನಡುವಿನ ಅಂತರ ಅರ್ಥವಾಗುತ್ತದೆ. ನರ್ಸ್ ನರ್ಸ್ ನಡುವಿನ ಇಪ್ಪತ್ತು ಸಾವಿರಕ್ಕೆ ಏನು ಕಾರಣ ಹೇಳೋಣ? ಅಪಾಯಿಂಟ್‌ಮೆಂಟ್ ಆರ್ಡರ್ ಮೇಲಿನ ಲಾಂಛನ ಬೇರೆ, ಅಷ್ಟೇ.

ಕಡತಶಾಖೆ
ಲೆಕ್ಕ ಸರಿ ಇದೆ ಮೇಡಂ. ಇನ್ನೊಂದು ಸೇರಿಸಿಕೊಳ್ಳಿ: ಕೇಂದ್ರ 1% ಡಿಎ ಏರಿಸಿದರೆ ರಾಜ್ಯದಲ್ಲಿ 0.722% ಏರುತ್ತದೆ. ಹಳೆಯ ಡಿಎ ನಮ್ಮ ಬೇಸಿಕ್‌ಗೆ ಸೇರಿಹೋಗಿದೆ, ಅದಕ್ಕೆ. ಇದನ್ನು ಮೋಸ ಎನ್ನುವವರಿಗೆ ನಾನು ಹೇಳುವುದು, ಇದು ಬರೀ ಗಣಿತ.

ಪಿಎಚ್‌ಸಿಡಾಕ್ಟ್ರು
ರಾಯಚೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ. ವೈದ್ಯರ ಸಂಬಳ ಕೇಳಿ ಎಲ್ಲರೂ ಹುಬ್ಬೇರಿಸುತ್ತಾರೆ, ಇರಲಿ. ನಾನು ಒಂದೇ ಒಂದು ವಿಷಯ ಹೇಳುತ್ತೇನೆ, ಅದು ಎಲ್ಲರಿಗೂ ತಟ್ಟುವಂಥದ್ದು: ಭತ್ಯೆ ಶೇಕಡಾವಾರು ಇದೆಯೋ, ರೂಪಾಯಿಯಲ್ಲಿದೆಯೋ?

ಕೇಂದ್ರದ ವೈದ್ಯರಿಗೆ ಎನ್‌ಪಿಎ ಇದೆ. ಖಾಸಗಿ ಪ್ರಾಕ್ಟೀಸ್ ಮಾಡದೆ ಇರುವುದಕ್ಕೆ ಬೇಸಿಕ್‌ನ 20%. ಹಿಂದೆ 25% ಇತ್ತು, ಕಡಿಮೆ ಮಾಡಿದರು. ಆದರೂ ಶೇಕಡಾ ಅಲ್ವಾ, ಬೇಸಿಕ್ ಏರಿದಾಗ ತಾನಾಗಿ ಏರುತ್ತದೆ. ಡಿಎಯನ್ನೂ ಅದರ ಮೇಲೆ ಲೆಕ್ಕ ಹಾಕುತ್ತಾರೆ. ನಮ್ಮ ರಾಜ್ಯದಲ್ಲಿ ಎಂಬಿಬಿಎಸ್‌ಗೆ ಇಷ್ಟು, ಡಿಪ್ಲೊಮಾಗೆ ಇಷ್ಟು, ಪಿಜಿಗೆ ಇಷ್ಟು ಅಂತ ವಿಶೇಷ ಭತ್ಯೆ. ರೂಪಾಯಿ ಲೆಕ್ಕ. ಆದೇಶದಲ್ಲಿ ಬರೆದ ದಿನ ಎಷ್ಟಿತ್ತೋ ಅಷ್ಟೇ ಮಲಗಿರುತ್ತದೆ, ಯಾರಾದರೂ ಎಬ್ಬಿಸುವ ತನಕ. 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಜೋರಾಗಿದ್ದಾಗ, ಸರ್ಕಾರಿ ವೈದ್ಯರ ಸಂಘ ರೋಗಿಗಳನ್ನು ನೋಡುತ್ತಲೇ ಮೇಲಕ್ಕೆ ವರದಿ ಕಳಿಸುವುದನ್ನು ನಿಲ್ಲಿಸಿತು. ಆಗ ಎದ್ದಿತು ಭತ್ಯೆ.

ಇನ್ನು ತಜ್ಞರ ಕಥೆಯೇ ಬೇರೆ. ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ನಮ್ಮ ಕಡೆಗೆ ಬರುವುದಿಲ್ಲ. ಎನ್‌ಎಚ್‌ಎಂನಲ್ಲಿ ಅದಕ್ಕೊಂದು ದಾರಿ ಇದೆ, "ನೀವೇ ಹೇಳಿ, ನಾವು ಕೊಡುತ್ತೇವೆ" ಅಂತ. ಡಾಕ್ಟರೇ ತಮ್ಮ ರೇಟು ಬರೆದು ಕೊಡಬಹುದು. ಒಂದೇ ಯೋಜನೆ ನೋಡಿ. ತಜ್ಞರಿಗೆ "ನಿಮಗೆ ಎಷ್ಟು ಬೇಕು?" ನರ್ಸ್‌ಗೆ "ಇಷ್ಟಕ್ಕೆ ಬರುತ್ತೀಯಾ, ಇಲ್ಲವಾ?"

ಮಾರ್ಚ್ ಮೂವತ್ತೊಂದು
ಡಾಕ್ಟ್ರೇ, ಕೊನೆಯ ಸಾಲು ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ಲೆಸ್ಟರ್‌ಮಳೆ
ಶಿವಮೊಗ್ಗದವಳು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ನರ್ಸ್. ಇಲ್ಲಿ ಹೇಗೆ ಅಂತ ಹೇಳುತ್ತೇನೆ, ಹೊಗಳಿಕೆಗಲ್ಲ.

ಇಲ್ಲಿ ವೈದ್ಯರು, ದಂತವೈದ್ಯರು, ತೀರಾ ಮೇಲಿನ ಮ್ಯಾನೇಜರುಗಳನ್ನು ಬಿಟ್ಟು ಉಳಿದವರೆಲ್ಲ ಒಂದೇ ಏಣಿಯಲ್ಲಿ ಇದ್ದಾರೆ. ಅದರ ಹೆಸರು ಅಜೆಂಡಾ ಫಾರ್ ಚೇಂಜ್, 2004ರಲ್ಲಿ ಬಂತು. ಬ್ಯಾಂಡ್ 9ರವರೆಗೆ ಇದೆ. ಹೊಸ ನರ್ಸ್ ಬ್ಯಾಂಡ್ 5. ಇಂಗ್ಲೆಂಡಿನಲ್ಲಿ 2025-26ಕ್ಕೆ ವರ್ಷಕ್ಕೆ 31,049 ಪೌಂಡ್. ಯಾವ ಕೆಲಸ ಯಾವ ಬ್ಯಾಂಡ್ ಎಂಬುದನ್ನು 16 ಅಂಶಗಳಲ್ಲಿ ಅಂಕ ಕೊಟ್ಟು ಅಳೆಯುತ್ತಾರೆ. ಜ್ಞಾನ, ಜವಾಬ್ದಾರಿ, ಮೈ ದಣಿಯುವುದು ಇವೆಲ್ಲ ಸರಿ. ಮನಸ್ಸು ದಣಿಯುವುದಕ್ಕೂ ಅಂಕ ಇದೆ. ಸಾವಿನ ಸುದ್ದಿ ಹೇಳುವುದು, ಅಳುವವರ ಜೊತೆ ಕೂರುವುದು. ಮೊದಲ ಸಲ ಅದನ್ನು ಓದಿದಾಗ ನಮ್ಮೂರಿನ ಹೆರಿಗೆ ವಾರ್ಡ್ ನೆನಪಾಯಿತು.

ಇದರ ಹಿಂದೆ ಒಂದು ಕೇಸ್ ಇದೆ, ನಿಮ್ಮ ಚರ್ಚೆಗೆ ಹೊಂದುತ್ತದೆ. ಪ್ಯಾಮ್ ಎಂಡರ್ಬಿ ಎಂಬ ಮಾತಿನ ಚಿಕಿತ್ಸಕಿ 1986ರಲ್ಲಿ ದಾವೆ ಹಾಕಿದರು. ಸ್ಪೀಚ್ ಥೆರಪಿಸ್ಟ್‌ಗಳಲ್ಲಿ ಹೆಂಗಸರೇ ಜಾಸ್ತಿ. ಅವರಿಗಿಂತ ಫಾರ್ಮಸಿಸ್ಟ್‌ಗಳಿಗೂ ಮನೋವಿಜ್ಞಾನಿಗಳಿಗೂ ಸಂಬಳ ಜಾಸ್ತಿ. ಕೆಲಸದ ಬೆಲೆ ಸಮವೇ ಅಲ್ವಾ ಅಂತ ಕೇಳಿದರು. ಒಂದೊಂದು ಗುಂಪಿನ ಸಂಬಳವನ್ನೂ ಬೇರೆ ಬೇರೆ ಮೇಜಿನಲ್ಲಿ ಕೂತು ತೀರ್ಮಾನ ಮಾಡಿದ್ದೇವೆ, ಆದ್ದರಿಂದ ವ್ಯತ್ಯಾಸ ಬಂದಿದೆ ಎನ್ನುವುದು ಆಸ್ಪತ್ರೆಯವರ ವಾದ. 1993ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು: ಮೇಜು ಬೇರೆ ಅನ್ನುವುದಷ್ಟೇ ಸಾಕಾಗುವ ಕಾರಣವಲ್ಲ.

ಕಡತಶಾಖೆ
ಇದು ನನಗೆ ಗೊತ್ತಿರಲಿಲ್ಲ ಮೇಡಂ. ನಾವು ಕಡತದಲ್ಲಿ ಬರೆಯುತ್ತಿದ್ದ ಕಾರಣವೇ ಅದು: ಮೇಜು ಬೇರೆ.

ತೆರಿಗೆಕಟ್ಟುವವ
ಹಾಗಾದರೆ ಅಲ್ಲಿ ಮುಷ್ಕರ ಯಾಕೆ?

ಲೆಸ್ಟರ್‌ಮಳೆ
ಒಳ್ಳೆಯ ಪ್ರಶ್ನೆ. ಏಣಿ ಚೆನ್ನಾಗಿದೆ, ಆದರೆ ವರ್ಷ ವರ್ಷ ಇಡೀ ಏಣಿಯನ್ನು ಎಷ್ಟು ಮೇಲೆತ್ತಬೇಕು ಎಂಬುದು ಸರ್ಕಾರದ ಕೈಯಲ್ಲಿ. ವೇತನ ಪರಿಶೀಲನಾ ಮಂಡಳಿ ಶಿಫಾರಸು ಮಾಡುತ್ತದೆ ಅಷ್ಟೇ. ಅದೂ ನಮಗೆ ಒಂದು ಮಂಡಳಿ, ವೈದ್ಯರಿಗೆ ಇನ್ನೊಂದು. ಅಲ್ಲಿಗೆ ಮತ್ತೆ ಎರಡು ಮೇಜು! 2025-26ಕ್ಕೆ ನಮಗೆ 3.6%, ವೈದ್ಯರಿಗೆ 4%, ಅದರಲ್ಲಿ ಕಿರಿಯ ವೈದ್ಯರಿಗೆ ಮೇಲೆ 750 ಪೌಂಡ್. ಅದಕ್ಕೇ ಸಿಟ್ಟು. ಹಿಂದೆ 2022ರ ಡಿಸೆಂಬರ್‌ನಲ್ಲಿ ನರ್ಸ್‌ಗಳು ಬೀದಿಗೆ ಇಳಿದಿದ್ದರು. ನಾನು ವೀಸಾ ಭಯದಲ್ಲಿ ಒಳಗೇ ಇದ್ದೆ, ಅದನ್ನೂ ಹೇಳಿಬಿಡುತ್ತೇನೆ. ಮತ್ತೆ, ಊರಿನಲ್ಲಿ ಮಾಡಿದ ಒಂಬತ್ತು ವರ್ಷದ ಸರ್ವಿಸ್‌ಗೆ ಇಲ್ಲಿ ಸಿಕ್ಕ ಬೆಲೆ ಸೊನ್ನೆ. ಬ್ಯಾಂಡ್ 5ರ ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಿದೆ.

ಗುಲಾಬಿಸೀರೆ
ಎಲ್ಲರೂ ಸಂಬಳ ಅನ್ನುತ್ತಿದ್ದೀರಿ. ನಾನು ಆಶಾ. ನಮಗೆ ಸಂಬಳ ಅನ್ನುವ ಪದವೇ ಇಲ್ಲ. ರಾಜ್ಯದ್ದು ಗೌರವಧನ, ಕೇಂದ್ರದ್ದು ಪ್ರೋತ್ಸಾಹಧನ. ಸರ್ಕಾರದ ಲೆಕ್ಕದಲ್ಲಿ ನಾವು ಸ್ವಯಂಸೇವಕಿಯರು.

ಪ್ರೋತ್ಸಾಹಧನ ಹೇಗೆ ಅಂದರೆ ಅಂಗಡಿ ಚೀಟಿ ಇದ್ದ ಹಾಗೆ. ಹಳ್ಳಿಯಲ್ಲಿ ಬಡ ಗರ್ಭಿಣಿಯ ತಪಾಸಣೆ ಮಾಡಿಸಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರೆ 300, 300, ಒಟ್ಟು 600. ಬಾಣಂತಿ ಮನೆಗೆ 42 ದಿನದಲ್ಲಿ ಆರು ಸಲ ಹೋಗಿ ಮಗುವಿನ ತೂಕ, ಜ್ವರ ನೋಡಿ ಬಂದರೆ 250. ಒಂದು ಸಲಕ್ಕಲ್ಲ, ಆರೂ ಸಲಕ್ಕೆ ಸೇರಿ 250. 2011ರಲ್ಲಿ ಇದು ಶುರುವಾದಾಗಲೂ 250 ಇತ್ತು. ಡಾಕ್ಟ್ರು ಮೇಲೆ ಹೇಳಿದರಲ್ಲ, ರೂಪಾಯಿ ಲೆಕ್ಕ ಮಲಗಿರುತ್ತದೆ ಅಂತ. ನಮ್ಮದು ಗಾಢ ನಿದ್ದೆ. ಆನ್‌ಲೈನ್‌ನಲ್ಲಿ ಎಂಟ್ರಿ ಆದರೆ ಮಾತ್ರ ದುಡ್ಡು. ಎಂಟ್ರಿ ಮಾಡುವವರು ನಾವಲ್ಲ. ಒಂದು ಸಲ ನನ್ನ ಮೂರು ತಿಂಗಳ ಕೆಲಸ ಎಂಟ್ರಿ ಆಗದೆ ಹೋಯಿತು. ಕೇಳಿದರೆ ನೆಟ್‌ವರ್ಕ್ ಅಂದರು.

2025ರ ಜನವರಿ 7ರಿಂದ 10ರವರೆಗೆ ನಾವು ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕೂತಿದ್ದೆವು. ಆ ಚಳಿಯಲ್ಲಿ ಪಾರ್ಕಿನ ನೆಲ ಎಷ್ಟು ತಣ್ಣಗಿರುತ್ತದೆ ಅಂತ ನನಗೆ ಗೊತ್ತು. ಕೇಳಿದ್ದು ತಿಂಗಳಿಗೆ 15,000. ಕೊನೆಗೆ ಮುಖ್ಯಮಂತ್ರಿಗಳು ಏಪ್ರಿಲ್‌ನಿಂದ ಎಲ್ಲ ಸೇರಿ ಕನಿಷ್ಠ 10,000 ಗ್ಯಾರಂಟಿ ಎಂದರು. ಎದ್ದು ಬಂದೆವು. ಆಗಸ್ಟ್‌ನಲ್ಲಿ ಮತ್ತೆ ಕೂರಬೇಕಾಯಿತು. ಕೇಂದ್ರದವರು ತಿಂಗಳ ಮಾಮೂಲಿ ಕೆಲಸದ 2,000ವನ್ನು 3,500 ಮಾಡಿದ್ದಾರೆ, ಅದು ಸಂತೋಷ. ಆದರೆ ಎಲ್ಲ ಸೇರಿ ಇಷ್ಟು ಅಂದಾಗ ಒಂದು ಕಡೆ ಏರಿದ್ದು ಇನ್ನೊಂದು ಕಡೆ ಕರಗಿಹೋಗುತ್ತದೋ ಅನ್ನುವ ಭಯ.

ಕಡತಶಾಖೆ
ಅಮ್ಮಾ, ನಿಮ್ಮ ಭಯ ಸುಮ್ನೆ ಅಲ್ಲ. "ಎಲ್ಲ ಸೇರಿ" ಎಂಬ ಮಾತು ಇದ್ದ ಆದೇಶವನ್ನು ಎರಡು ಸಲ ಓದಬೇಕು. ಇನ್ನೊಂದು ಮಾತು. 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಿ ಎಂದು ಶಿಫಾರಸು ಮಾಡಿತ್ತು. 2022ರಲ್ಲಿ ಅಂಗನವಾಡಿಯವರಿಗೆ ಗ್ರಾಚುಟಿ ಸಿಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಆಶಾಗಳಿಗೆ ಅಂಥ ತೀರ್ಪನ್ನು ನಾನಿನ್ನೂ ನೋಡಿಲ್ಲ.

ರಾತ್ರಿಪಾಳಿ
ಎರಡು ದಿನ ಡ್ಯೂಟಿ ಇತ್ತು, ಈಗ ಎಲ್ಲ ಓದಿದೆ. ನಮ್ಮ ಆಯಮ್ಮನ ವಿಷಯ ಯಾರೂ ಹೇಳಲಿಲ್ಲ. ಅದಕ್ಕೇ ಅವರ ಹತ್ತಿರವೇ ಕೇಳಿದೆ. ಟೆಂಡರ್ ಹಿಡಿದ ಏಜೆನ್ಸಿ ಕೊಡುತ್ತದಂತೆ. ಕಾಗದದಲ್ಲಿ ಕನಿಷ್ಠ ವೇತನ, ಕೈಗೆ ಬರುವಾಗ ಪಿಎಫ್, ಇಎಸ್‌ಐ ಕಡಿತ. ಪಿಎಫ್ ನಂಬರ್ ಗೊತ್ತಾ ಅಂದೆ. "ಅದೆಲ್ಲ ಅವರ ಹತ್ತಿರಾನೇ ಐತೆ ಸಿಸ್ಟರ್" ಅಂದರು. ಮೂರು ವರ್ಷದಲ್ಲಿ ಏಜೆನ್ಸಿ ಎರಡು ಸಲ ಬದಲಾಗಿದೆ, ಆಯಮ್ಮ ಮಾತ್ರ ಅದೇ ವಾರ್ಡಿನಲ್ಲಿ ಇದ್ದಾರೆ.

ನನಗೆ ಅನಿಸಿದ್ದು: ನಾವು ಐವರೂ ಆ ರಾತ್ರಿ ಒಂದೇ ಹೆರಿಗೆ ಮಾಡಿಸಿದೆವು, ಆದರೆ ಆಸ್ಪತ್ರೆಗೆ ಐದು ಬಾಗಿಲಿನಿಂದ ಬಂದಿದ್ದೇವೆ. ನನ್ನ ಸಂಬಳಕ್ಕೆ ಆಯೋಗ, ಅವಳದ್ದಕ್ಕೆ ದೆಹಲಿಯ ಹಾಳೆ, ಆ ಹುಡುಗ ಡಾಕ್ಟರಿಗೆ ಕಡ್ಡಾಯ ಸೇವೆಯ ಕಾನೂನು, ಆಯಮ್ಮನಿಗೆ ಟೆಂಡರ್, ಆಶಾ ಅಕ್ಕನಿಗೆ ಚೀಟಿ. ವಾರ್ಡಿನೊಳಗೆ ಏನು ಮಾಡುತ್ತೇವೆ ಎಂದು ನೋಡಿ ಸಂಬಳ ಬರೆದವರು ಒಬ್ಬರೂ ಇಲ್ಲ.

ಮಾರ್ಚ್ ಮೂವತ್ತೊಂದು
ಅಕ್ಕಾ, ಆಯಮ್ಮನ ಆಧಾರ್‌ಗೆ ಮೊಬೈಲ್ ಲಿಂಕ್ ಇದ್ದರೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಅವರ ಪಿಎಫ್ ನಂಬರ್ (ಯುಎಎನ್) ಹುಡುಕಬಹುದು. ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳು ಕಟ್ಟಿದ್ದಾರಾ ಇಲ್ಲವಾ ಕಾಣುತ್ತದೆ. ನಮ್ಮಲ್ಲಿ ಹಾಗೆ ನೋಡಿದಾಗ ಇಬ್ಬರ ಹೆಸರಿನಲ್ಲಿ ಏಳು ತಿಂಗಳು ಖಾಲಿ ಇತ್ತು.

ರಾತ್ರಿಪಾಳಿ
ಇವತ್ತು ರಾತ್ರಿ ಮತ್ತೆ ಅವರ ಜೊತೆಗೇ ಡ್ಯೂಟಿ. ಫೋನ್ ಚಾರ್ಜ್ ಮಾಡಿಕೊಂಡು ಬರಲು ಹೇಳಿದ್ದೇನೆ.

ಗುಲಾಬಿಸೀರೆ
ಸಿಸ್ಟರ್, ಆ ಎರಡು ಕೆಜಿ ಒಂಬೈನೂರು ಮಗು ನಮ್ಮ ಪಕ್ಕದ ಏರಿಯಾದ ಆಶಾಗೆ ಸೇರಿದ್ದು ಇರಬೇಕು. ನಾಳೆ ಏಳನೇ ದಿನದ ಭೇಟಿಯಂತೆ. ಹೊಕ್ಕಳು ಒಣಗಿದೆಯಾ ನೋಡಿ ಹೇಳುತ್ತಾಳೆ.